ಇಂಡಿಯಾನಾದ 2024ರ ಋತುವನ್ನು ಅದೃಷ್ಟ ಎನ್ನಬೇಡಿ

ನಮಸ್ಕಾರ ವೀಕ್ಷಕರೇ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದಿರುವ ಮಾತು ನನ್ನನ್ನು ಕೆರಳಿಸಿದೆ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ತಂಡ 16 ಪಂದ್ಯಗಳನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆದ 2025ರ ಋತು ಮಾತ್ರ ನಿಜವಾದ ಸಾಧನೆಯಂತೆ, ಅದರ ಹಿಂದಿನ ವರ್ಷದ್ದು ದುರ್ಬಲ ಎದುರಾಳಿಗಳೇ ತುಂಬಿದ ಸುಲಭದ ವೇಳಾಪಟ್ಟಿಯ ಕೃಪೆಯಂತೆ. ನಾನು ಇದನ್ನು ಒಪ್ಪುವುದಿಲ್ಲ. ಕರ್ಟ್ ಸಿಗ್ನೆಟ್ಟಿ ಮುಖ್ಯ ತರಬೇತುದಾರರಾಗಿ ಬಂದ ಮೊದಲ ವರ್ಷ, ಅಂದರೆ 2024, ಚಾಂಪಿಯನ್ ಪಟ್ಟಕ್ಕಿಂತಲೂ ದೊಡ್ಡದು.

ಅವರು ತಂಡದ ಊರಾದ ಬ್ಲೂಮಿಂಗ್ಟನ್‌ಗೆ ಬಂದಾಗ ಅಲ್ಲಿ ಏನಿತ್ತು? 2021ರಲ್ಲಿ 2 ಗೆಲುವು, 2022ರಲ್ಲಿ 4, 2023ರಲ್ಲಿ 3. ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಮೇಲ್ದರ್ಜೆಯಲ್ಲಿ ಅತಿ ಹೆಚ್ಚು ಸೋಲು ಕಂಡ ತಂಡವೆಂಬ ಹಣೆಪಟ್ಟಿ ಬೇರೆ. 19ನೆಯ ಶತಮಾನದಿಂದ ಆಡುತ್ತ ಬಂದಿದ್ದರೂ ಆ ತಂಡ ಒಂದು ಋತುವಿನಲ್ಲಿ 10 ಪಂದ್ಯ ಗೆದ್ದದ್ದೇ ಇರಲಿಲ್ಲ. ಮೂರು ವರ್ಷಕ್ಕೆ 9 ಪಂದ್ಯ ಗೆದ್ದಿದ್ದ ತಂಡ ಸಿಗ್ನೆಟ್ಟಿ ಬಂದ ವರ್ಷ ಮೊದಲ 10 ಪಂದ್ಯಗಳನ್ನು ಸಾಲಾಗಿ ಗೆದ್ದು, ಒಟ್ಟು 11 ಗೆಲುವಿನೊಂದಿಗೆ ಪ್ಲೇಆಫ್, ಅಂದರೆ ರಾಷ್ಟ್ರೀಯ ಪಟ್ಟಕ್ಕಾಗಿ ನಡೆಯುವ ಕೊನೆಯ ನಾಕೌಟ್ ಸುತ್ತು ತಲುಪಿತು. ಇದನ್ನು ವೇಳಾಪಟ್ಟಿ ಮಾಡಿಕೊಟ್ಟಿತೇ?

ಅವರು ಹೆಸರಾಂತ ಆಟಗಾರರ ಬೆನ್ನು ಹತ್ತಲಿಲ್ಲ. ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ತಮ್ಮ ಕೈಕೆಳಗೆ ಪಳಗಿದ್ದ ಏಡನ್ ಫಿಶರ್, ಮಿಕೇಲ್ ಕಮಾರಾ ಅವರಂತಹ 13 ಮಂದಿಯನ್ನು ಜೊತೆಗೆ ಕರೆತಂದರು. ಚೆಂಡೆಸೆದು ದಾಳಿಯನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಒಹಾಯೊ ವಿಶ್ವವಿದ್ಯಾಲಯದ ಕರ್ಟಿಸ್ ರೂರ್ಕ್ ಬಂದರು. ನೆಬ್ರಾಸ್ಕಾ ವಿರುದ್ಧ 56-7ರಿಂದ ಗೆದ್ದ ದಿನ ರೂರ್ಕ್ ಹೆಬ್ಬೆರಳಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಬೇಕಾಯಿತು. ಅವರಿಲ್ಲದೆಯೂ ಮುಂದಿನ ವಾರ ಇಂಡಿಯಾನಾ ವಾಷಿಂಗ್ಟನ್ ತಂಡವನ್ನು 31-17ರಿಂದ ಸೋಲಿಸಿತು, ಅದರ ಮುಂದಿನ ವಾರ ರೂರ್ಕ್ ಮರಳಿ ಕಣಕ್ಕಿಳಿದರು. ಇಂತಹ ತಂಡವನ್ನು ಅದೃಷ್ಟದ ಕೂಸು ಎನ್ನಲು ಮನಸ್ಸಾದರೂ ಹೇಗೆ ಬರುತ್ತದೆ?

"ಯಾರನ್ನು ಸೋಲಿಸಿದರು ಹೇಳಿ" ಎಂದು ಮೂಗು ಮುರಿಯುವವರಿಗೆ ಹೇಳುತ್ತೇನೆ: ಹಿಂದಿನ ಋತುವಿನ ಫೈನಲ್ ಆಡಿದ ಮಿಷಿಗನ್ ಮತ್ತು ವಾಷಿಂಗ್ಟನ್, ಎರಡನ್ನೂ ಸೋಲಿಸಿದರು. ಆ ತಂಡಗಳು ಆ ವರ್ಷ ಸೊರಗಿದ್ದವು ಎನ್ನುತ್ತೀರಾ? ಹಾಗಾದರೆ ಸೋಲುಗಳನ್ನೇ ತೆಗೆದುಕೊಳ್ಳೋಣ. ಇಂಡಿಯಾನಾ ಸೋತದ್ದು ಎರಡೇ ತಂಡಗಳಿಗೆ, ಒಹಾಯೊ ಸ್ಟೇಟ್ ಮತ್ತು ನೊಟ್ರೆ ಡೇಮ್. ಆ ಋತುವಿನ ಫೈನಲ್ ಆಡಿದ್ದೂ ಅವೆರಡೇ. ನೊಟ್ರೆ ಡೇಮ್ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ ಇಂಡಿಯಾನಾ ಅಂಕದ ಗೆರೆಯ ಹತ್ತಿರ ಬಂದಿದ್ದಾಗ ಎದುರಾಳಿ ತಂಡದ ಕ್ಸೇವಿಯರ್ ವಾಟ್ಸ್ ಚೆಂಡನ್ನು ಕಸಿದರು, ಮರುಕ್ಷಣವೇ ಅದೇ ತಂಡದ ಜೆರೆಮಾಯಾ ಲವ್ 98 ಗಜ ಓಡಿ ಚೆಂಡನ್ನು ಇನ್ನೊಂದು ತುದಿಯ ಗೆರೆ ದಾಟಿಸಿ ಟಚ್‌ಡೌನ್ ಗಳಿಸಿದರು. ಆ ಪೆಟ್ಟಿನ ನಂತರವೂ ಪಂದ್ಯ ಮುಗಿದದ್ದು 27-17ಕ್ಕೆ.

ಒಬ್ಬರು ಎತ್ತು ಈಯಿತು ಎಂದರೆ ಉಳಿದವರೆಲ್ಲ ಕೊಟ್ಟಿಗೆಗೆ ಕಟ್ಟು ಎನ್ನುತ್ತಿದ್ದಾರೆ. ಸುಲಭದ ವೇಳಾಪಟ್ಟಿ, ಸುಲಭದ ವೇಳಾಪಟ್ಟಿ! ಪರ್ಡ್ಯೂ ವಿರುದ್ಧ 66-0 ಅಂಕ ಬರೆದದ್ದು ವೇಳಾಪಟ್ಟಿಯಲ್ಲ, ಆಟಗಾರರು. ಸೋತು ಸೋತು ರೂಢಿಯಾಗಿದ್ದ ಊರಿಗೆ ಗೆಲ್ಲುವುದನ್ನು ಕಲಿಸಿದ್ದು 2024. ಅದಿಲ್ಲದೆ 2025 ಇಲ್ಲವೇ ಇಲ್ಲ, ಇಲ್ಲವೆಂದರೆ ಇಲ್ಲ.

ಮುಂದಿನ ಸಂಚಿಕೆಯಲ್ಲಿ ಆ ವರ್ಷದ 13 ಪಂದ್ಯಗಳನ್ನೂ ಒಂದೊಂದಾಗಿ ನೋಡೋಣ. ಚಾನೆಲ್‌ಗೆ ಇನ್ನೂ ಚಂದಾದಾರರಾಗದವರು ದಯವಿಟ್ಟು ಆಗಿ, ಕನ್ನಡದಲ್ಲಿ ಈ ಆಟದ ಬಗ್ಗೆ ಮಾತನಾಡುವವರು ವಿರಳ. ವೇಳಾಪಟ್ಟಿಯ ವಾದವನ್ನು ಬಿಡಲಾಗದವರು, 2023ರ ಇಂಡಿಯಾನಾ ತಂಡ ಇದೇ ವೇಳಾಪಟ್ಟಿಯಲ್ಲಿ ಎಷ್ಟು ಪಂದ್ಯ ಗೆಲ್ಲುತ್ತಿತ್ತು ಎಂದು ಕೆಳಗೆ ಬರೆದು ತಿಳಿಸಿ.