ಒಬ್ಬೊಬ್ಬರೇ ಕೂತು ಜೊತೆಯಲ್ಲಿ ನುಡಿಸಿದ ದಿನಗಳು

ಎಲ್ಲರಿಗೂ ನಮಸ್ಕಾರ.

ಮೃದಂಗ ನುಡಿಸುವುದು ನನ್ನ ಕಸುಬು. ಲಾಕ್‌ಡೌನ್ ಕಾಲದಲ್ಲಿ ಸಂಗೀತಗಾರರು ಏನು ಮಾಡುತ್ತಿದ್ದರು ಅಂತ ಮಾತಾಡಿ ಎಂದು ಬಾನುಲಿಯವರು ಕರೆದಿದ್ದಾರೆ. ಸಂತೋಷ. ಈ ಪ್ರಶ್ನೆಯನ್ನು ಜನ ನನಗೆ ಈಗಲೂ ಕೇಳುತ್ತಾರೆ. 'ಆಗ ನಿಮಗೆ ಪೂರ್ತಿ ರಜೆ ಅಲ್ವಾ? ಸುಮ್ನೆ ಮನೆಯಲ್ಲಿ ಕೂತು ಚೆನ್ನಾಗಿ ಸಾಧನೆ ಮಾಡಿರುತ್ತೀರಿ' ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಒಬ್ಬೊಬ್ಬರಿಗೇ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇವತ್ತು ಎಲ್ಲರಿಗೂ ಒಟ್ಟಿಗೆ ಹೇಳಿಬಿಡುತ್ತೇನೆ. ಅದು ರಜೆ ಆಗಿರಲಿಲ್ಲ. ನೀವು ಮೊಬೈಲಿನಲ್ಲಿ ಕೇಳಿದ ನಾಲ್ಕು ನಿಮಿಷದ ಹಾಡಿನ ಹಿಂದೆ ಕೆಲಸ ಇತ್ತು. ಸಂಗೀತ ಕಚೇರಿಗಿಂತ ಜಾಸ್ತಿ ಕೆಲಸ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾ ಕಾಯಿಲೆಯನ್ನು ಮಹಾಮಾರಿ ಅಂತ ಹೇಳಿತು. ಅದರ ಹಿಂದಿನ ದಿನವೇ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ವರ್ನನ್ ಊರಿನಲ್ಲಿ ಒಂದು ಗಾಯನ ತಂಡ ಅಭ್ಯಾಸಕ್ಕೆ ಸೇರಿತ್ತು. ಬಂದವರು 61 ಜನ. ಎರಡೂವರೆ ಗಂಟೆ ಹಾಡಿದರು. ಆಮೇಲೆ ಅವರಲ್ಲಿ 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಒಟ್ಟಿಗೆ ಕೂತು ಹಾಡುವುದರಿಂದಲೇ ಪ್ರಾಣಕ್ಕೆ ಅಪಾಯ ಅಂತ ಗೊತ್ತಾದ ಮೇಲೆ ಯಾರು ತಾನೇ ಸಭಾಂಗಣ ತೆರೆಯುತ್ತಾರೆ? ಮೊದಲು ಮುಚ್ಚಿದ್ದು ನಮ್ಮ ಸಭಾಂಗಣಗಳು. ತೆರೆಯುವ ಸಾಲಿನಲ್ಲಿ ನಾವು ಕೊನೆ. ಸಂಗೀತಗಾರರಲ್ಲಿ ಹೆಚ್ಚಿನವರಿಗೆ ತಿಂಗಳ ಸಂಬಳ ಇಲ್ಲ. ಕಚೇರಿ ಇದ್ದರೆ ಸಂಭಾವನೆ, ಇಲ್ಲದಿದ್ದರೆ ಇಲ್ಲ. ಡೈರಿಯಲ್ಲಿ ಬರೆದಿಟ್ಟ ದಿನಾಂಕಗಳು ಒಂದೊಂದೇ ಅಳಿಸಿಹೋದವು.

'ಇಂಟರ್ನೆಟ್ ಇತ್ತಲ್ಲ, ಅದರಲ್ಲೇ ಜೊತೆಯಾಗಿ ನುಡಿಸಬಹುದಿತ್ತಲ್ಲ?' ಇದು ಎರಡನೇ ಪ್ರಶ್ನೆ. ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅಂತ ಹೇಳುತ್ತೇನೆ. ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಗಮನವಿಟ್ಟು ಕೇಳಿ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ ಒಂದು ಮೀಟರ್ ದಾಟಲು 3 ಮಿಲಿಸೆಕೆಂಡ್. ವೇದಿಕೆಯ ಮೇಲೆ ಗಾಯಕರು ನನ್ನಿಂದ ಎರಡು ಮೀಟರ್ ದೂರದಲ್ಲಿ ಇರುತ್ತಾರೆ. ಅವರ ದನಿ ನನ್ನ ಕಿವಿಗೆ ಬರುವುದು 6 ಮಿಲಿಸೆಕೆಂಡ್ ತಡವಾಗಿ. ಅದು ಗೊತ್ತೇ ಆಗುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ಈ ತಡ 200 ಮಿಲಿಸೆಕೆಂಡ್ ಆಗುವುದು ಮಾಮೂಲು. ಲೆಕ್ಕ ಹಾಕಿ ನೋಡಿ. ಗಾಯಕರು 68 ಮೀಟರ್ ಆಚೆ ಮೈದಾನದಲ್ಲಿ ನಿಂತು ಹಾಡುತ್ತಿದ್ದಾರೆ, ನಾನು ಇಲ್ಲಿ ಕೂತು ಮೃದಂಗ ನುಡಿಸುತ್ತಿದ್ದೇನೆ ಅಂದ ಹಾಗೆ. ನನ್ನ ಪೆಟ್ಟು ಅವರಿಗೆ ತಲುಪಲು ಮತ್ತೆ ಅಷ್ಟೇ ತಡ. ನಾನು ತಾಳಕ್ಕೆ ಸರಿಯಾಗಿಯೇ ಹೊಡೆದಿರುತ್ತೇನೆ, ಅವರಿಗೆ ನಾನು ಹಿಂದೆ ಬಿದ್ದ ಹಾಗೆ ಕೇಳಿಸುತ್ತದೆ. ಅವರು ನನಗಾಗಿ ಸ್ವಲ್ಪ ತಡೆಯುತ್ತಾರೆ. ಅವರು ತಡೆದರಲ್ಲ ಅಂತ ನಾನೂ ತಡೆಯುತ್ತೇನೆ. ತಾಳದ ಎರಡು ಸುತ್ತು ಮುಗಿಯುವುದರೊಳಗೆ ಕಾಲ, ಅಂದರೆ ಹಾಡಿನ ವೇಗ, ಕುಸಿಯುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಅನ್ನುವವರು ಲಾಕ್‌ಡೌನಿಗಿಂತ ಎಷ್ಟೋ ವರ್ಷ ಮೊದಲೇ ಇದನ್ನು ಪರೀಕ್ಷೆ ಮಾಡಿದ್ದರು. ಇಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಒಬ್ಬರದು ಇನ್ನೊಬ್ಬರಿಗೆ ಬೇಕೆಂದೇ ತಡವಾಗಿ ಕೇಳಿಸುವ ಹಾಗೆ ಮಾಡಿ, ಚಪ್ಪಾಳೆ ತಟ್ಟಿಸಿದರು. ತಡ ಹೆಚ್ಚಾದ ಹಾಗೆಲ್ಲ ಇಬ್ಬರೂ ತಾಳವನ್ನು ನಿಧಾನ ಮಾಡಿ ಎಳೆಯುತ್ತಾ ಹೋದರು. ಇನ್ನೂ ಒಂದು ಸ್ವಾರಸ್ಯ ಇದೆ. ತಡ ಸುಮಾರು 10 ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಇಬ್ಬರೂ ವೇಗ ಏರಿಸುತ್ತಾ ಓಡತೊಡಗಿದರು! ನಮಗೆ ಲಯ ನಿಲ್ಲಬೇಕಾದರೂ ನಡುವೆ ಒಂದಿಷ್ಟು ಗಾಳಿ ಬೇಕು. ಎಂಥ ಚೆಂದದ ವಿಷಯ ನೋಡಿ. ಅದೇ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಜ್ಯಾಕ್‌ಟ್ರಿಪ್ ಅನ್ನುವ ಸಾಫ್ಟ್‌ವೇರ್ 2020ರಲ್ಲಿ ಎಷ್ಟೋ ತಂಡಗಳ ಕೈಗೆ ಬಂತು. ಅದು ಶಬ್ದವನ್ನು ಕುಗ್ಗಿಸದೆ ಹಾಗೇ ಕಳಿಸುತ್ತದೆ, ತಡ ಕಡಿಮೆ. ಆದರೆ ವೈಫೈ ಸಾಲದು, ತಂತಿಯ ಸಂಪರ್ಕವೇ ಬೇಕು. ಇಬ್ಬರೂ ತೀರಾ ದೂರದಲ್ಲಿ ಇರಬಾರದು. ಇದೆಲ್ಲ ಎಲ್ಲರಿಗೂ ಸಿಗುವ ಮಾತಲ್ಲ.

ಹಾಗಾದರೆ ನೀವು ನೋಡಿದ ಆ ವಿಡಿಯೋಗಳು? ಚೌಕ ಚೌಕದಲ್ಲಿ ಕೂತು ನಗುನಗುತ್ತಾ ಜೊತೆಯಲ್ಲಿ ನುಡಿಸಿದ್ದು? ಅವರು ಜೊತೆಯಲ್ಲಿ ನುಡಿಸಿರಲಿಲ್ಲ. ಒಬ್ಬರಾದ ಮೇಲೆ ಒಬ್ಬರು, ಬೇರೆ ಬೇರೆ ದಿನ ನುಡಿಸಿದ್ದನ್ನು ಯಾರೋ ಒಬ್ಬರು ಕೂತು ಹೊಲಿದಿದ್ದರು. ಅದು ಹೇಗೆ ಅಂತ ನಮ್ಮ ತಂಡದ್ದೇ ಒಂದು ಸಂಗತಿ ಹೇಳುತ್ತೇನೆ.

ನಾವು ನಾಲ್ವರು. ಗಾಯಕಿ, ಪಿಟೀಲು, ಮೃದಂಗ, ಘಟ. ಒಂದು ಕೀರ್ತನೆ, ಕೊನೆಯಲ್ಲಿ ಚಿಕ್ಕ ತನಿ, ಅಂದರೆ ತಾಳವಾದ್ಯಗಳು ಮಾತ್ರ ನುಡಿಸುವ ಭಾಗ. ಅಷ್ಟೇ. ಮೊದಲು ಬಂದ ಜಗಳ, ಯಾರು ಮೊದಲು ರೆಕಾರ್ಡ್ ಮಾಡಬೇಕು ಅಂತ. ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವ ಮೆಟ್ರೋನೋಮ್ ಯಂತ್ರ ಹಾಕಿಕೊಂಡು ಎಲ್ಲರೂ ಅದಕ್ಕೆ ನುಡಿಸೋಣ ಅಂದರು ಪಿಟೀಲಿನವರು. ನಾನು ಒಪ್ಪಲಿಲ್ಲ. ಒಳ್ಳೆಯ ಗಾಯಕರು ಚರಣದ ಹತ್ತಿರ ಬಂದಾಗ ಕೂದಲೆಳೆಯಷ್ಟು ಕಾಲ ಬಿಡುತ್ತಾರೆ, ಹಾಡಿಗೆ ಉಸಿರು ಬರುವುದು ಅಲ್ಲಿ. ಯಂತ್ರ ಅದನ್ನು ಬಿಡುವುದಿಲ್ಲ. ಕೊನೆಗೆ ಗಾಯಕಿಯೇ ಮೊದಲು ಹಾಡುವುದು, ಹಾಡುವಾಗ ತೊಡೆಯ ಮೇಲೆ ಹಾಕುವ ತಾಳವನ್ನೂ ವಿಡಿಯೋ ಮಾಡುವುದು ಅಂತಾಯಿತು. ನಾನು ನುಡಿಸಿದ್ದು ಆ ಕೈ ನೋಡಿಕೊಂಡು. ಮುಖ ಅಲ್ಲ, ಕೈ. ಬೆರಳು ಮಡಚುವ ಮೊದಲು ಮಣಿಕಟ್ಟು ಸ್ವಲ್ಪ ಏಳುತ್ತದಲ್ಲ, ಅಲ್ಲಿ ಗೊತ್ತಾಗುತ್ತದೆ ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆ ಅಂತ.

ಪಿಟೀಲಿನವರ ಕಷ್ಟ ಇನ್ನೂ ದೊಡ್ಡದು. ಕಚೇರಿಯಲ್ಲಿ ಗಾಯಕಿ ಒಂದು ಸಂಗತಿ, ಅಂದರೆ ಅದೇ ಸಾಲನ್ನು ಬೇರೆ ರೀತಿಯಲ್ಲಿ, ಹಾಡುತ್ತಾರೆ, ಪಿಟೀಲು ಅದನ್ನು ಹಿಡಿದು ಇನ್ನೊಂದು ಚೂರು ಸೇರಿಸುತ್ತದೆ, ಗಾಯಕಿ ಅದನ್ನು ಕೇಳಿ ಬೇರೆ ಕಡೆ ಹೊರಳುತ್ತಾರೆ. ಇಲ್ಲಿ ಗಾಯಕಿ ಹಾಡಿ ಮುಗಿಸಿಬಿಟ್ಟಿದ್ದಾರೆ. ಪಿಟೀಲು ಎಷ್ಟು ಚೆನ್ನಾಗಿ ಉತ್ತರ ಕೊಟ್ಟರೂ ಅವರಿಗೆ ಕೇಳಿಸುವುದಿಲ್ಲ. ಆದರೂ ಕೇಳಿಸುತ್ತಿದೆ ಅನ್ನುವ ಹಾಗೆ ನುಡಿಸಬೇಕು. ಇದು ಎಷ್ಟು ಕಷ್ಟ ಅಂತ ನುಡಿಸಿದವರಿಗೇ ಗೊತ್ತು.

ನನ್ನ ಪಾಡು ಬೇರೆ. ಮೃದಂಗದ ಎಡಗಡೆಗೆ ನಾವು ರವೆ ಕಲಸಿ ಹಚ್ಚುತ್ತೇವೆ, ಆ ಗುಂ ಅನ್ನುವ ನಾದ ಬರುವುದು ಅದರಿಂದ. ರವೆ ಒಣಗುತ್ತಾ ಹೋದ ಹಾಗೆ ನಾದ ಏರುತ್ತದೆ. ಕಚೇರಿಯಲ್ಲಿ ಪರವಾಗಿಲ್ಲ, ನಡುವೆ ಒಂಚೂರು ನೀರು ಮುಟ್ಟಿಸಿ ಮುಂದುವರಿಸುತ್ತೇವೆ. ರೆಕಾರ್ಡಿಂಗಿನಲ್ಲಿ ಹಾಗಲ್ಲ. ಬೆಳಿಗ್ಗೆ ನುಡಿಸಿದ ಪಲ್ಲವಿಗೂ ಮಧ್ಯಾಹ್ನ ನುಡಿಸಿದ ಚರಣಕ್ಕೂ ನಾದ ಹೊಂದಲೇ ಇಲ್ಲ. ಎರಡನ್ನೂ ಜೋಡಿಸಿದರೆ ನಡುವೆ ವಾದ್ಯವನ್ನೇ ಬದಲಾಯಿಸಿದ ಹಾಗೆ ಕೇಳಿಸಿತು. ಪೂರ್ತಿ ಮತ್ತೆ ನುಡಿಸಿದೆ. ಅದೂ ರಾತ್ರಿ, ಫ್ಯಾನ್ ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಅಕ್ಕಪಕ್ಕದವರೆಲ್ಲ ಮಲಗಿದ ಮೇಲೆ. ಬಲಗಡೆಯ ಮುಚ್ಚಿಗೆ, ಅಂದರೆ ಚರ್ಮದ ಹೊದಿಕೆ, ಬೇರೆ ಸವೆದಿತ್ತು. ಹೊಸದು ಹಾಕಿಸೋಣ ಅಂದರೆ ವಾದ್ಯ ರಿಪೇರಿ ಮಾಡುವವರೂ ಬಾಗಿಲು ಹಾಕಿದ್ದರು. ಅವರ ದುಡಿಮೆಯೂ ನಿಂತಿತ್ತು ಅನ್ನುವುದನ್ನು ದಯವಿಟ್ಟು ಮರೆಯಬೇಡಿ. ನಾವು ನುಡಿಸದಿದ್ದರೆ ಅವರ ಮನೆಯಲ್ಲೂ ಆದಾಯ ಇಲ್ಲ.

ತನಿಯಲ್ಲಿ ನಾನೊಂದು ನಡೆ, ಅಂದರೆ ಪೆಟ್ಟುಗಳ ಒಂದು ಸಾಲು, ನುಡಿಸಿ, ಅಷ್ಟೇ ಉದ್ದದ ಜಾಗ ಖಾಲಿ ಬಿಟ್ಟು ಕಳಿಸಿದೆ. ಘಟದವರು ಆ ಖಾಲಿಯಲ್ಲಿ ಉತ್ತರ ತುಂಬಿದರು. ಅವರ ಉತ್ತರ ನನ್ನ ಪ್ರಶ್ನೆಗಿಂತ ಚೆನ್ನಾಗಿತ್ತು. ಎದುರಿಗೆ ಇದ್ದಿದ್ದರೆ ನಾನು ತಕ್ಷಣ ಅದನ್ನು ಹಿಡಿದು ಬೆಳೆಸುತ್ತಿದ್ದೆ. ನನ್ನ ಮುಂದಿನ ನಡೆ ಆಗಲೇ ರೆಕಾರ್ಡ್ ಆಗಿಹೋಗಿತ್ತು. ಅದನ್ನು ತೆಗೆದುಹಾಕಿ ಹೊಸದಾಗಿ ನುಡಿಸಿ ಕಳಿಸಿದೆ. ಅದನ್ನು ಕೇಳಿ ಅವರೂ ಬದಲಾಯಿಸಿದರು. ಹೀಗೆ ಫೈಲುಗಳು ಆ ಕಡೆ ಈ ಕಡೆ ಓಡಾಡಿದವು. ಮುಖಾಮುಖಿ ಕೂತಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುವ ಮಾತುಕತೆ ಅದು. ನಮಗೆ ವಾರ ಬೇಕಾಯಿತು. ಆದರೆ ಆ ತನಿ ಕೇಳಿದರೆ ನನಗೆ ಇವತ್ತೂ ಖುಷಿಯಾಗುತ್ತದೆ.

ಎಲ್ಲ ಮುಗಿಯಿತು ಅಂದುಕೊಂಡಾಗ ಪಿಟೀಲು ಒಂದೂವರೆ ಸ್ವರಸ್ಥಾನ ಮೇಲೆ ಕೇಳಿಸಿತು! ಅವರ ಶ್ರುತಿ ತಪ್ಪಿರಲಿಲ್ಲ. ಕಂಪ್ಯೂಟರ್ ಶಬ್ದವನ್ನು ಚಿಕ್ಕ ಚಿಕ್ಕ ಮಾದರಿಗಳಾಗಿ ಇಟ್ಟುಕೊಳ್ಳುತ್ತದೆ. ಅವರ ಫೈಲು ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿತ್ತು, ಎಡಿಟಿಂಗ್ ಮಾಡುವ ಕಂಪ್ಯೂಟರ್ ಅದನ್ನು 48,000 ಅಂತ ಓದಿತ್ತು. ಬೇಗ ಬೇಗ ಓದಿದರೆ ಶ್ರುತಿ ಏರುತ್ತದೆ. ಅಷ್ಟೇ ವಿಷಯ, ಹುಡುಕಲು ಒಂದು ಇಡೀ ಸಂಜೆ. ಅದಾದ ಮೇಲೆ ನಾಲ್ಕೂ ವಿಡಿಯೋಗಳನ್ನು ಹೊಂದಿಸುವುದು. ಅದಕ್ಕೇ ಪ್ರತಿಯೊಬ್ಬರೂ ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿರುತ್ತೇವೆ. ಆ ಚಪ್ಪಾಳೆಗಳನ್ನು ಒಂದರ ಕೆಳಗೆ ಒಂದು ಇಟ್ಟರೆ ಎಲ್ಲರ ತಾಳ ಕೂಡುತ್ತದೆ. ಆಮೇಲೆ ಚಪ್ಪಾಳೆಯನ್ನು ಕತ್ತರಿಸಿ ಎಸೆಯುತ್ತಾರೆ, ನಿಮಗೆ ಕಾಣುವುದಿಲ್ಲ.

ನಾಲ್ಕು ನಿಮಿಷದ ವಿಡಿಯೋ. ನೋಡಿದವರು ಚೆನ್ನಾಗಿದೆ ಅಂತ ಹೃದಯದ ಚಿತ್ರ ಒತ್ತಿದರು. ಯಾರೂ ಒಂದು ರೂಪಾಯಿ ಕೊಡಲಿಲ್ಲ. ಕೊಡಬೇಕು ಅಂತ ಯಾರಿಗೂ ಹೊಳೆಯಲೂ ಇಲ್ಲ. ಯಾಕೆಂದರೆ ಅದು ಕೆಲಸ ಅಂತ ಯಾರಿಗೂ ಅನ್ನಿಸಿರಲಿಲ್ಲ. ಅದು ಕೆಲಸ ಸ್ವಾಮಿ. ಮತ್ತೆ ಹೇಳುತ್ತೇನೆ, ಅದು ಕೆಲಸ.

ಈ ಸಂಗತಿಯಲ್ಲೇ ಸಮಯ ಬಹಳ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಹೀಗೆ ಹೊಲಿಯುವ ಕೆಲಸ ಲಾಕ್‌ಡೌನಿನಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಸಂಗೀತ ಸಂಯೋಜಕ ಎರಿಕ್ ವಿಟಾಕರ್ 2010ರಲ್ಲೇ 12 ದೇಶಗಳ 185 ಗಾಯಕರ ದನಿಗಳನ್ನು ಹೀಗೆ ಸೇರಿಸಿದ್ದರು. 2020ರಲ್ಲಿ ಎಲ್ಲರಿಗೂ ಅದೇ ದಾರಿ ಆಯಿತು. ಬೇರೆ ದಾರಿ ಹುಡುಕಿದವರೂ ಇದ್ದರು. ಪಿಯಾನೋ ವಾದಕ ಇಗೊರ್ ಲೆವಿಟ್ ತಮ್ಮ ಮನೆಯಿಂದಲೇ ಟ್ವಿಟರ್‌ನಲ್ಲಿ ಹೆಚ್ಚುಕಡಿಮೆ ದಿನಾಲೂ ಕಚೇರಿ ಕೊಟ್ಟರು. ಮೇ 30ರಂದು ಬರ್ಲಿನ್‌ನಲ್ಲಿ ಫ್ರಾನ್ಸಿನ ಸಂಯೋಜಕ ಎರಿಕ್ ಸಾಟಿಯ ಒಂದು ಚಿಕ್ಕ ರಚನೆಯನ್ನು 840 ಸಲ ನುಡಿಸಿದರು. 15 ಗಂಟೆಗೂ ಹೆಚ್ಚು ಹೊತ್ತು! ಪ್ರತಿ ಸಲಕ್ಕೂ ಸ್ವರ ಬರೆದ ಒಂದು ಹಾಳೆ. ಆ ಹಾಳೆಗಳನ್ನು ಮಾರಿ ಬಂದ ಹಣ ಕಷ್ಟದಲ್ಲಿದ್ದ ಕಲಾವಿದರಿಗೆ. ನೋಡಿ, ನುಡಿಸಿದ್ದಕ್ಕೆ ಒಂದು ಬೆಲೆ ಇದೆ ಅಂತ ಅವರು ಕಣ್ಣಿಗೆ ಕಾಣುವ ಹಾಗೆ ಮಾಡಿದರು. ಜೂನ್ 22ರಂದು ಬಾರ್ಸಿಲೋನಾದ ಲಿಸೆಯು ರಂಗಮಂದಿರ ಮತ್ತೆ ತೆರೆದಾಗ ಕುರ್ಚಿಗಳಲ್ಲಿ 2,292 ಗಿಡಗಳನ್ನು ಇಟ್ಟಿದ್ದರು. ಅವುಗಳ ಮುಂದೆ ನಾಲ್ವರು ತಂತಿವಾದ್ಯ ನುಡಿಸಿದರು. ಗಿಡಗಳು ಆಮೇಲೆ ಆಸ್ಪತ್ರೆಯ ಸಿಬ್ಬಂದಿಗೆ ಹೋದವು. ಕೆಲವರಿಗೆ ಇದು ತಮಾಷೆ ಅನ್ನಿಸಿತು. ನನಗೆ ಅನ್ನಿಸಲಿಲ್ಲ. ಖಾಲಿ ಕೋಣೆಯಲ್ಲಿ ಕ್ಯಾಮೆರಾ ನೋಡಿಕೊಂಡು ನುಡಿಸಿದವರಿಗೆ ಎದುರಿಗೆ ಜೀವ ಇರುವುದು ಏನಾದರೂ ಇದ್ದರೆ ಎಷ್ಟು ಸಮಾಧಾನ ಅಂತ ಗೊತ್ತು.

ಇನ್ನು ಪಾಠ. ಎಷ್ಟೋ ಸಂಗೀತಗಾರರ ಮನೆ ನಡೆದದ್ದು ಆನ್‌ಲೈನ್ ಪಾಠದಿಂದ. ಅಲ್ಲೂ ಒಂದು ವಿಚಿತ್ರ ನೋಡಿದೆವು. ವಿಡಿಯೋ ಕಾಲ್ ಆ್ಯಪ್‌ಗಳಲ್ಲಿ ಗದ್ದಲ ತೆಗೆಯುವ ವ್ಯವಸ್ಥೆ ಇರುತ್ತದೆ. ಒಂದೇ ಸಮನೆ ಕೇಳಿಸುವ ಶಬ್ದವನ್ನು ಅದು ಫ್ಯಾನಿನ ಸದ್ದು ಅಂತ ತಿಳಿಯುತ್ತದೆ. ತಂಬೂರಿ ಒಂದೇ ಸಮನೆ ಮೀಟುತ್ತದಲ್ಲ, ಅದನ್ನೇ ಅಳಿಸಿಹಾಕುತ್ತಿತ್ತು! ಮಗು ಉದ್ದಕ್ಕೆ ಷಡ್ಜ ಹಿಡಿದರೆ ನಡುವೆ ದನಿ ಮಾಯ. ಜೂಮ್‌ನವರು 2020ರಲ್ಲೇ ಸಂಗೀತಕ್ಕೆಂದು ಬೇರೆ ಸೆಟ್ಟಿಂಗ್ ಕೊಟ್ಟರು. ಅದನ್ನು ಪ್ರತಿ ಮನೆಯವರಿಗೂ ಫೋನಿನಲ್ಲಿ ಹೇಳಿಕೊಟ್ಟವರು ಮೇಷ್ಟ್ರುಗಳು. ತಾಳ ಜೊತೆಗೆ ಹಾಕಿಸಲು ಆಗುವುದಿಲ್ಲ, ಹಾಗಾಗಿ ನಾವು ನುಡಿಸಿ ನಿಲ್ಲಿಸುವುದು, ಮಗು ನುಡಿಸುವುದು. ಒಂದು ಗಂಟೆಯ ಪಾಠಕ್ಕೆ ಒಂದೂವರೆ ಗಂಟೆ. ಆಗಲೂ ಕೆಲವರು ಕೇಳಿದರು, 'ಆನ್‌ಲೈನ್ ಅಲ್ವಾ, ಫೀಸು ಅರ್ಧ ಮಾಡಿ' ಅಂತ.

ನನ್ನದೊಂದು ಕೋರಿಕೆ ಇದೆ. 'ನಮ್ಮ ಕಾರ್ಯಕ್ರಮಕ್ಕೆ ಒಂದು ಚಿಕ್ಕ ವಿಡಿಯೋ ಮಾಡಿ ಕಳಿಸಿ' ಅನ್ನುವ ಅಭ್ಯಾಸ ಆ ಕಾಲದಲ್ಲಿ ಶುರುವಾಗಿದ್ದು ಇನ್ನೂ ನಿಂತಿಲ್ಲ. ಹಾಗೆ ಕೇಳುವಾಗ ಮೂರು ವಿಷಯ ಮೊದಲೇ ಹೇಳಿ. ಎಷ್ಟು ನಿಮಿಷ ಬೇಕು, ಎಡಿಟಿಂಗ್ ಯಾರ ಖರ್ಚು, ಸಂಭಾವನೆ ಎಷ್ಟು. ಪಕ್ಕವಾದ್ಯದವರದ್ದೂ ಸೇರಿಸಿ ಹೇಳಿ, ಗಾಯಕರದ್ದು ಮಾತ್ರ ಅಲ್ಲ.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.