ಚಿಗರಿ ದಾರಿಯ ಪಕ್ಕ ಒಂದು ಮನೆ

ಕೇಳುಗರಿಗೆ ನಮಸ್ಕಾರ.

ನಮ್ಮ ಪರಿಚಯದ ಅಕ್ಕ ಒಬ್ಬರು ಬೆಳಗಿನ ಐದಕ್ಕೆ ಎದ್ದು ರೊಟ್ಟಿ ಬಡಿದಿಟ್ಟು ಹೊರಡುತ್ತಾರೆ. ಊರ ಹೊರಗಿನ ಕಾಲೊನಿಯಿಂದ ಮೊದಲು ಆಟೋ, ಆಮೇಲೆ ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ದಾರಿಯಲ್ಲಿ ಓಡುವ ಚಿಗರಿ ಬಸ್ಸು. ಉಣಕಲ್‌ನಲ್ಲಿ ಇಳಿದು ಮೂರು ಮನೆ ಕೆಲಸ ಮುಗಿಸುತ್ತಾರೆ. ಅವರ ಸ್ವಂತ ಮನೆಗೆ ಬಾಡಿಗೆ ಇಲ್ಲ, ನಿಜ. ಆದರೆ ದಿನವೂ ಕೈಬಿಟ್ಟು ಹೋಗುವ ಆಟೋ ದುಡ್ಡೂ ಒಂದು ಬಾಡಿಗೆಯೇ ಅಲ್ವಾ?

ಬಡವರಿಗೆ ಮನೆ ಅಂದ ಕೂಡಲೇ ನಾವು ಊರಾಚೆ ಜಾಗ ಹುಡುಕುತ್ತೇವೆ. ಇದಕ್ಕೆ ಬೇರೆ ದಾರಿ ಇದೆ. ದೊಡ್ಡ ವಸತಿ ಯೋಜನೆ ಕಟ್ಟುವವರು ಅದರಲ್ಲೇ ಒಂದು ಪಾಲು ಮನೆಗಳನ್ನು ಕಡಿಮೆ ದರಕ್ಕೆ ಕೊಡಬೇಕು. ಬದಲಿಗೆ ಅವರಿಗೆ ಇನ್ನಷ್ಟು ಮನೆ ಕಟ್ಟಲು ಒಪ್ಪಿಗೆ ಸಿಗುತ್ತದೆ. ಭೂಮಿ ಅಷ್ಟೇ, ಮನೆ ಜಾಸ್ತಿ. ಹಾಗಾಗಿ ಒಂದೊಂದು ಮನೆಗೆ ಬೀಳುವ ಜಾಗದ ಖರ್ಚು ಇಳಿಯುತ್ತದೆ. ಲೆಕ್ಕದ ಗುಟ್ಟು ಇಷ್ಟೇ.

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮರಿ ಕೌಂಟಿ ಎಂಬ ಜಿಲ್ಲೆಯಲ್ಲಿ 1974ರಿಂದ ಇಂಥ ಕಾನೂನು ಇದೆ. ಅಲ್ಲಿ ಒಂದು ತಪ್ಪಾಯಿತು. ಕಡಿಮೆ ದರಕ್ಕೇ ಮಾರಬೇಕೆಂಬ ಕಟ್ಟುಪಾಡು ಮೊದಲಿಗೆ 5 ವರ್ಷಕ್ಕೆ ಮಾತ್ರ ಇತ್ತು. ಅವಧಿ ಮುಗಿದ ಮನೆಗಳು ಪೇಟೆಯ ದರಕ್ಕೆ ಮಾರಾಟವಾಗಿ, ಬಡವರ ಕೈತಪ್ಪಿದವು. ಆಮೇಲೆ ಅವಧಿ ಹೆಚ್ಚಿಸುತ್ತಾ ಬಂದು, 2005ರಲ್ಲಿ 30 ವರ್ಷಕ್ಕೆ ಏರಿಸಿದರು. ನಾವು ಮೊದಲ ದಿನದಿಂದಲೇ ದೀರ್ಘ ಅವಧಿ ಇಡಬೇಕು.

ನಮ್ಮ ಕೇಂದ್ರ ಸರ್ಕಾರದ 2007ರ ನಗರ ವಸತಿ ನೀತಿಯೂ ಹೊಸ ಯೋಜನೆಗಳಲ್ಲಿ ಶೇ 10ರಿಂದ 15ರಷ್ಟು ಜಾಗ ಕಡಿಮೆ ಆದಾಯದವರಿಗೆ ಇರಲಿ ಎಂದಿತು. ಆದರೆ ನೀತಿ ಬೇರೆ, ಕಾನೂನು ಬೇರೆ. ಭೂಮಿಯ ಬಗ್ಗೆ ಕಾನೂನು ಮಾಡುವುದು ರಾಜ್ಯದ ಕೈಯಲ್ಲಿದೆ.

ಇನ್ನೊಂದು ಮಾತು. ಹುಬ್ಬಳ್ಳಿ-ಧಾರವಾಡದಲ್ಲಿ ಅಪಾರ್ಟ್‌ಮೆಂಟಿಗಿಂತ ಎನ್‌ಎ (ಕೃಷಿಯೇತರ) ಪ್ಲಾಟು ಕೊಂಡು ಮನೆ ಕಟ್ಟಿಸುವ ರೂಢಿಯೇ ಹಳೆಯದು. ಆದ್ದರಿಂದ ಲೇಔಟ್‌ಗಳಿಗೂ ಈ ನಿಯಮ ಬೇಕು. 50 ಮನೆ ದಾಟಿದರೆ ಮಾತ್ರ ಈ ನಿಯಮ ಅಂದರೆ, ಯಾರಾದರೂ 49ಕ್ಕೆ ನಿಲ್ಲಿಸಿಬಿಡಬಹುದು. ಒಂದೇ ಜಮೀನನ್ನು ತುಂಡು ಮಾಡಿ ಬೇರೆ ಬೇರೆ ಹೆಸರಲ್ಲಿ ತರಬಹುದು. ಅದನ್ನು ನೋಡಿಕೊಂಡೇ ನಿಯಮ ಬರೆಯಬೇಕು.

ಮೊದಲು ಎಲ್ಲಿ ಶುರು ಮಾಡಬೇಕು? ಚಿಗರಿ ದಾರಿಯ ಇಕ್ಕೆಲದಲ್ಲಿ. ಸುಮಾರು 22 ಕಿಲೋಮೀಟರ್ ಉದ್ದದ ಆ ದಾರಿ ಜನರ ದುಡ್ಡಿನಿಂದ ಆದದ್ದು. ಅದರಿಂದ ಬೆಲೆ ಏರಿದ ಜಾಗದಲ್ಲಿ ಎತ್ತರಕ್ಕೆ ಕಟ್ಟಲು ಒಪ್ಪಿಗೆ ಕೊಡುವಾಗಲೇ ಈ ಪಾಲನ್ನು ಕೇಳಬೇಕು. ಕಟ್ಟಡ ಎದ್ದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ನಮಸ್ಕಾರ.