ನಿಮ್ಮ ಆಧಾರಗಳ ಪಟ್ಟಿಯಲ್ಲಿ ಡಿಒಐ ಇದೆಯಾ?

ಕೇಳುಗರೇ, ನಮಸ್ಕಾರ.

ಅಮೆರಿಕದ ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳಲ್ಲಿ ಆಧಾರವಾಗಿ ಕೊಟ್ಟಿದ್ದ ವೆಬ್ ಲಿಂಕ್‌ಗಳನ್ನು ಹಾರ್ವರ್ಡ್‌ನ ಸಂಶೋಧಕರು ಪರೀಕ್ಷೆ ಮಾಡಿದ್ದರು. 2014ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ, ಸುಮಾರು ಅರ್ಧದಷ್ಟು ಲಿಂಕ್‌ಗಳಲ್ಲಿ ಮೊದಲು ಇದ್ದ ವಿಷಯ ಸಿಗಲೇ ಇಲ್ಲ. ಅಷ್ಟು ದೊಡ್ಡ ನ್ಯಾಯಾಲಯದ್ದೇ ಹೀಗಾದರೆ ನಾವು ನೀವು ಬರೆಯುವ ಪ್ರಬಂಧ, ಥೀಸಿಸ್‌ಗಳ ಪಾಡೇನು? ಪುಟ ತೆರೆಯದೇ ಹೋದರೆ ಕೊನೇ ಪಕ್ಷ ಗೊತ್ತಾದರೂ ಆಗುತ್ತದೆ. ಪುಟ ತೆರೆದು, ಒಳಗಿನ ಮಾತು ಮಾತ್ರ ಬದಲಾಗಿದ್ದರೆ ಓದುವವರಿಗೆ ಅದು ತಿಳಿಯುವುದೇ ಇಲ್ಲ. ನನ್ನನ್ನು ಕೇಳಿದರೆ ಅದೇ ಜಾಸ್ತಿ ಅಪಾಯ.

ಇದಕ್ಕೆ ಇರುವ ಒಳ್ಳೆಯ ದಾರಿ ಡಿಒಐ, ಅಂದರೆ ಡಿಜಿಟಲ್ ಆಬ್ಜೆಕ್ಟ್ ಐಡೆಂಟಿಫೈಯರ್. ಲೇಖನಕ್ಕೆ ಕೊಡುವ ಶಾಶ್ವತ ಗುರುತಿನ ಸಂಖ್ಯೆ. 10 ಅಂತ ಶುರುವಾಗುತ್ತದೆ, ಒಂದು ಚುಕ್ಕೆ, ನೋಂದಾಯಿಸಿದವರ ಸಂಖ್ಯೆ, ಆಮೇಲೆ ಓರೆಗೆರೆ, ಅದರಾಚೆ ಆ ಲೇಖನದ್ದೇ ಗುರುತು. ಮನೆ ಬದಲಾಯಿಸಿದರೂ ಮೊಬೈಲ್ ನಂಬರ್ ಅದೇ ಇರುತ್ತದಲ್ಲ, ಹಾಗೆ. ಪತ್ರಿಕೆ ಬೇರೆ ಪ್ರಕಾಶಕರ ಕೈಗೆ ಹೋಗಿ ವೆಬ್ ವಿಳಾಸವೆಲ್ಲ ಬದಲಾದರೂ, ಅವರು ಹೊಸ ವಿಳಾಸವನ್ನು ನೋಂದಣಿಯಲ್ಲಿ ತಿದ್ದಿದರೆ ಸಾಕು, ನೀವು ಹಿಂದೆಂದೋ ಬರೆದ ಡಿಒಐ ಓದುಗರನ್ನು ಸರಿಯಾದ ಜಾಗಕ್ಕೇ ಮುಟ್ಟಿಸುತ್ತದೆ. ಲೇಖನಗಳ ನೋಂದಣಿಗೆ ಪ್ರಕಾಶಕರು ಸೇರಿ 2000ದಲ್ಲಿ ಕ್ರಾಸ್‌ರೆಫ್ ಕಟ್ಟಿದರು, ಸಂಶೋಧನೆಯ ದತ್ತಾಂಶಕ್ಕೆ 2009ರಲ್ಲಿ ಡೇಟಾಸೈಟ್ ಬಂತು.

ಆದರೆ ಗಮನಿಸಿ, ನಾನು "ತಿದ್ದಿದರೆ" ಅಂದೆ. ಯಾರೂ ತಿದ್ದದಿದ್ದರೆ ಡಿಒಐ ಕೂಡ ಸತ್ತ ಲಿಂಕೇ. ಸಂಖ್ಯೆಯ ಹಿಂದೆ ಅದನ್ನು ನೋಡಿಕೊಳ್ಳುವ ಜನ ಇರಬೇಕು. ಇನ್ನೊಂದು, ಡಿಒಐ ಇದೆ ಅಂದಮಾತ್ರಕ್ಕೆ ಲೇಖನ ಒಳ್ಳೆಯದು ಅಂತ ಅರ್ಥವಲ್ಲ, ಗುಣಮಟ್ಟವನ್ನು ಓದಿಯೇ ತಿಳಿಯಬೇಕು.

ಬರೆಯುವಾಗ ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ಕಾಣುವ ವಿಳಾಸವನ್ನು ಸುಮ್ನೆ ನಕಲು ಮಾಡಬೇಡಿ. ಗ್ರಂಥಾಲಯದ ಲಾಗಿನ್ ಮೂಲಕ ತೆರೆದಿದ್ದರೆ ಅದು ಹೊರಗಿನವರಿಗೆ ತೆರೆಯದೇ ಇರಬಹುದು. ಲೇಖನದ ಮೊದಲ ಪುಟದಲ್ಲಿ ಡಿಒಐ ಹುಡುಕಿ, ಆ ಸಂಖ್ಯೆ ಶುರುವಾಗುವ ಮೊದಲು ಡಿಒಐ ಡಾಟ್ ಆರ್ಗ್, ಒಂದು ಓರೆಗೆರೆ ಸೇರಿಸಿ ಪೂರ್ತಿ ಲಿಂಕ್ ಆಗಿ ಕೊಡಿ. ಕೊನೆಯಲ್ಲಿ ಪೂರ್ಣವಿರಾಮ ಹಾಕಬೇಡಿ, ನಕಲು ಮಾಡುವಾಗ ಅದೂ ಅಂಟಿಕೊಂಡು ಬಂದು ಲಿಂಕ್ ಕೆಡುತ್ತದೆ. ಎಷ್ಟು ಚಿಕ್ಕ ವಿಷಯ, ಅಲ್ವಾ? ದತ್ತಾಂಶವಾದರೆ ನೀವು ಬಳಸಿದ ಆವೃತ್ತಿಯ ಡಿಒಐಯನ್ನೇ ಕೊಡಿ. ಝೆನೋಡೋದಂಥ ಭಂಡಾರಗಳಲ್ಲಿ ಪ್ರತಿ ಆವೃತ್ತಿಗೂ ಒಂದು, ಎಲ್ಲ ಆವೃತ್ತಿಗಳಿಗೂ ಸೇರಿ ಇನ್ನೊಂದು ಇರುತ್ತದೆ. ಡಿಒಐ ಇಲ್ಲದ ಪುಟವಾದರೆ, ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕಾಪಾಡಿಡುವ ವೇಬ್ಯಾಕ್ ಮಷೀನ್ ಎಂಬ ತಾಣದಲ್ಲಿ ಒಂದು ಪ್ರತಿ ಉಳಿಸಿ, ಆ ಪ್ರತಿಯ ಲಿಂಕನ್ನೂ ನೋಡಿದ ದಿನಾಂಕವನ್ನೂ ಸೇರಿಸಿ.

ಈಗ ಎಐ ಉಪಕರಣಗಳು ಬರೆದುಕೊಡುವ ಆಧಾರಗಳಲ್ಲಿ ಇಲ್ಲದ ಡಿಒಐಗಳೂ ಬರುತ್ತಿವೆ, ಬೇರೆ ಯಾವುದೋ ಲೇಖನದ ಡಿಒಐಯೂ ಬರುತ್ತಿದೆ. ಹಾಗಾಗಿ ಪ್ರಬಂಧ ಕಳಿಸುವ ಮೊದಲು ಪ್ರತಿಯೊಂದನ್ನೂ ಒತ್ತಿ ನೋಡಿ, ತೆರೆದ ಪುಟದ ಶೀರ್ಷಿಕೆಯೂ ನೀವು ಬರೆದ ಶೀರ್ಷಿಕೆಯೂ ಒಂದೇನಾ ಅಂತ ತಾಳೆ ಹಾಕಿ.